ಜಗಳಗಂಟಿ ಮರದ ಲ್ಯಾಟಿನ್ ಹೆಸರು

ಸಾತನೂರಿನ ಸುತ್ತಲ ಗುಡ್ಡಗಳಂಥ ಒಣ ಎಲೆಯುದುರುವ ಕಾಡುಗಳ ಮರ ಜಗಳಗಂಟಿ. ಇದರ ಕಟ್ಟಿಗೆ ಮನೆ ಹೊಕ್ಕರೆ ಜಗಳ ಖಚಿತ ಎಂಬ ನಂಬಿಕೆಯಿದೆ. ಜಗಳ ಇದರ ಶಾಸ್ತ್ರೀಯ ಹೆಸರಿನಲ್ಲೂ ಇದೆಯೆನ್ನಿ: ಡಯೋಸ್ಪೈರೋಸ್ ಮೊಂಟಾನಾ. ಮೊದಲ ಪದ, ಅಂದರೆ ಕುಲನಾಮ, ಗ್ರೀಕ್ ಮೂಲದ್ದು. 'ಡಿಯೋಸ್' ಎಂದರೆ ಜ್ಯೂಸ್ ದೇವನ, 'ಪೈರೋಸ್' ಎಂದರೆ ಗೋಧಿ ಕಾಳು. ಪೈರೋಸ್ ಗ್ರೀಕಿನಲ್ಲಿ ಪುಲ್ಲಿಂಗ. ಎರಡನೆಯ ಪದ ವಿಶೇಷಣವಾದರೆ ಕುಲನಾಮದ ಲಿಂಗಕ್ಕೆ ಹೊಂದಬೇಕು. ಹಾಗಾದರೆ ಬೆಟ್ಟದ್ದು ಎಂಬ ವಿಶೇಷಣ 'ಮೊಂಟಾನಸ್' ಎಂದಾಗಬೇಕಿತ್ತಲ್ಲ, ಈ ಹೆಸರಿಟ್ಟ ಸಸ್ಯಶಾಸ್ತ್ರಜ್ಞ ರಾಕ್ಸ್‌ಬರ್ಗ್ ಸ್ತ್ರೀಲಿಂಗದ 'ಮೊಂಟಾನಾ' ಬರೆದದ್ದು ತಪ್ಪಲ್ಲವೇ ಎಂದು ಕೇಳಬಹುದು.

ತಪ್ಪಲ್ಲ. ಪದ ಗ್ರೀಕಿನದಾದರೂ ವ್ಯಾಕರಣ ಲ್ಯಾಟಿನ್ನಿನದು. ಲ್ಯಾಟಿನ್ನಿನಲ್ಲಿ ಮರಗಳ ಹೆಸರು 'ಅಸ್' ಎಂದು ಮುಗಿದರೂ ಸಾಮಾನ್ಯವಾಗಿ ಸ್ತ್ರೀಲಿಂಗ. ಓಕ್ ಮರದ ಕ್ವೆರ್ಕಸ್, ಅತ್ತಿ-ಆಲಗಳ ಫೈಕಸ್ ಹೀಗೆಯೇ. ಲಿನೇಯಸ್ 1753ರಲ್ಲೇ ಇದೇ ಕುಲದ ಅಮೆರಿಕದ ಮರವನ್ನು 'ವರ್ಜಿನಿಯಾನಾ' ಎಂದು ಕರೆದಿದ್ದ. ಕುಲನಾಮದ ಲಿಂಗವನ್ನು ಸಸ್ಯಶಾಸ್ತ್ರದ ರೂಢಿ ನಿರ್ಧರಿಸುತ್ತದೆ, ಪ್ರಾಚೀನ ಬಳಕೆಯಲ್ಲ ಎಂದು ಅಂತರರಾಷ್ಟ್ರೀಯ ನಾಮಕರಣ ಸಂಹಿತೆಯೂ ಹೇಳುತ್ತದೆ. ಬೀಡಿ ಎಲೆಯ ಮರ ಡಯೋಸ್ಪೈರೋಸ್ ಮೆಲನೊಕ್ಸೈಲಾನ್ ಇದಕ್ಕೆ ಅಪವಾದವೆಂದು ತೋರಬಹುದು. ಅಲ್ಲಿ ಎರಡನೆಯ ಪದ ವಿಶೇಷಣವಲ್ಲ, 'ಕಪ್ಪು ಕಟ್ಟಿಗೆ' ಎಂಬ ಗ್ರೀಕ್ ನಾಮಪದ; ನಾಮಪದ ಕುಲದ ಲಿಂಗಕ್ಕೆ ಬಾಗಬೇಕಿಲ್ಲ. ದೊಡ್ಡ ಮರಕ್ಕೂ ದೊಡ್ಡ ಮಗಳಿಗೂ ಒಂದೇ 'ದೊಡ್ಡ' ಬಳಸುವ ಕನ್ನಡಿಗರಿಗೆ ಈ ತಾಪತ್ರಯವಿಲ್ಲ. ಯಾವುದೇ ಉದ್ಯಾನದ ಫಲಕದಲ್ಲಿ 'ಮೊಂಟಾನಸ್' ಎಂದು ಕಂಡರೆ ದಯವಿಟ್ಟು ಅಲ್ಲಿನ ಸಿಬ್ಬಂದಿಗೆ ತಿಳಿಸಿ.