ಹತ್ತು ದಿನದ ಫಕೀರ

ಉರ್ದು ಶಾಲೆಯಲ್ಲಿ 'ಮೈಂ' ಅಂದರೆ ನಾನು. ಕನ್ನಡ ಶಾಲೆಗೆ ಬಂದರೆ 'ಮೈ' ಅಂದರೆ ದೇಹ. ಎರಡೂ ಶಾಲೆಗಳ ಬೆಂಚು ಸವೆಸಿದ ನನ್ನಂಥವರಿಗೆ ಈ ಎರಡು ಪದಗಳು ಬಹಳ ದಿನ ಒಂದರೊಳಗೊಂದು ಸೇರಿಕೊಂಡೇ ಇದ್ದವು. ಒಂದಕ್ಕೊಂದು ನಂಟಿಲ್ಲದ ಪದಗಳೆಂದು ಭಾಷಾಶಾಸ್ತ್ರ ಹೇಳುತ್ತದೆ, ಸರಿ. ಆದರೆ ಮೈ ಬದಲಾದರೆ 'ನಾನು' ಎಂಬುದೂ ಬದಲಾದೀತೇ ಎಂಬ ಪ್ರಶ್ನೆಯನ್ನು ಕಳೆದ ಎರಡು ಮೂರು ದಶಕಗಳಿಂದ ಯುರೋಪು, ಅಮೆರಿಕಗಳ ಪ್ರಯೋಗಾಲಯಗಳು ತುಂಬ ಗಂಭೀರವಾಗಿ ಕೇಳುತ್ತಿವೆ. ಕಣ್ಣಿಗೆ ಡಬ್ಬಿಯಂಥ ಕನ್ನಡಕ ಕಟ್ಟಿ, ವರ್ಚುವಲ್ ರಿಯಾಲಿಟಿ ಎಂಬ ಕೃತಕ ಲೋಕದಲ್ಲಿ ಮನುಷ್ಯನಿಗೆ ಬೇರೊಂದು ಮೈ ತೊಡಿಸಿ, ಅವನ ಮನಸ್ಸು ಎತ್ತ ಸಾಗುತ್ತದೆಂದು ಅಳೆಯುತ್ತಾರೆ. ನಮ್ಮಲ್ಲಿ ಇದಕ್ಕೆ ಹಳೆಯ ಹೆಸರು ಪರಕಾಯ ಪ್ರವೇಶ. ಅಮರುಕ ರಾಜನ ಮೈ ಹೊಕ್ಕ ಶಂಕರಾಚಾರ್ಯರು ತಾವು ಯಾರೆಂಬುದನ್ನೇ ಮರೆತುಬಿಟ್ಟಾರೆಂದು ಶಿಷ್ಯರು ಹೆದರಿದ ಕಥೆಯನ್ನು ಕೇಳದವರು ಕಡಿಮೆ.

ಕಥೆ ಒತ್ತಟ್ಟಿಗಿರಲಿ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಇನ್ನೊಬ್ಬರ ಮೈ ತೊಡುವ ಕೆಲಸ ವರ್ಷಕ್ಕೊಮ್ಮೆ ಹಾಡಹಗಲೇ ನಡೆಯುತ್ತ ಬಂದಿದೆ. ಅದು ಮೊಹರಂ. ಆಂಧ್ರದ ಗಡಿಗೆ ಅಂಟಿಕೊಂಡ ಈ ಸೀಮೆಯ ಜನರ ಬಾಯಲ್ಲಿ ಪೀರಲ ಹಬ್ಬ, ಬಾಬಯ್ಯನ ಹಬ್ಬ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಹುತಾತ್ಮರಾದ ಇಮಾಮ್ ಹುಸೇನರ ನೆನಪಿನಲ್ಲಿ ಪಂಜಾಗಳನ್ನು ಕೂರಿಸುತ್ತಾರೆ. ಮಗುವಿಗೆ ಕಾಯಿಲೆಯಾದಾಗಲೋ ಮಳೆ ಕೈಕೊಟ್ಟಾಗಲೋ ಹರಕೆ ಹೊತ್ತವನು ಆ ಹತ್ತು ದಿನ ಫಕೀರನಾಗುತ್ತಾನೆ. ಅವನು ಮುಸ್ಲಿಮನೇ ಆಗಬೇಕೆಂದಿಲ್ಲ, ಬಹಳ ಊರುಗಳಲ್ಲಿ ಮುಸ್ಲಿಮನಾಗಿರುವುದೇ ಅಪರೂಪ. ಕೊರಳಿಗೆ ಲಾಡಿ, ಹೆಗಲಿಗೆ ಜೋಳಿಗೆ. ಮಾಂಸ ಬಿಡುತ್ತಾನೆ, ನೆಲದ ಮೇಲೆ ಮಲಗುತ್ತಾನೆ, ಸ್ವಂತ ಹೊಲ ಇದ್ದರೂ ಮನೆಮನೆ ಬೇಡುತ್ತಾನೆ. ಕಟ್ಟಳೆ ಊರಿಂದೂರಿಗೆ ಬೇರೆ. ಮೈಗೆ ಹಳದಿ ಬಳಿದು, ಕಪ್ಪು ಪಟ್ಟೆ ಎಳೆದು ಹುಲಿಯಾಗುವವನದೂ ಹೆಚ್ಚಾಗಿ ಹರಕೆಯೇ.

ಇದು ನಿನ್ನೆ ಮೊನ್ನೆಯ ಆಟವಲ್ಲ. ಮದರಾಸು ಸೇನೆಯಲ್ಲಿ ವೈದ್ಯನಾಗಿದ್ದ ಹರ್ಕ್‌ಲಾಟ್ಸ್ ಎಂಬಾತನ ಕೋರಿಕೆಯ ಮೇರೆಗೆ ಜಾಫರ್ ಶರೀಫ್ ಎಂಬ ಪಂಡಿತರು ದಖ್ಖನ್ನಿನ ಮುಸ್ಲಿಮರ ಆಚಾರಗಳನ್ನು ದಖನಿಯಲ್ಲಿ ಬರೆದುಕೊಟ್ಟರು. ಅದು 'ಕಾನೂನೆ ಇಸ್ಲಾಂ' ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ಅನುವಾದಗೊಂಡು 1832ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರ ಮೊಹರಂ ಅಧ್ಯಾಯ ಓದಿದರೆ ಇಡೀ ದಖ್ಖನ್ನೇ ಬಹುರೂಪಿಗಳ ಮೇಳವೆನಿಸುತ್ತದೆ. ಮಜ್ನೂನ್, ಮಲಂಗ್, ಜೋಗಿ, ಹಕೀಮ, ಮೊಘಲ, ಬಡ್ಡಿ ತಿನ್ನುವವನು, ಮುದುಕ ಮುದುಕಿ, ಹುಲಿ ಎಲ್ಲರೂ ಅಲ್ಲಿದ್ದಾರೆ. ಮೈಗೆ ಕಪ್ಪು ಬಳಿದುಕೊಂಡು ಆಫ್ರಿಕಾ ಮೂಲದ ಸಿದ್ದಿಯಾಗುವವನೂ ಇದ್ದಾನೆ. ಈ ಸಿದ್ದಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಅವನ ಹತ್ತಿರವೇ ಬರಬೇಕಾಗಿದೆ.

ಈಗ ಪ್ರಯೋಗಾಲಯದ ಚರಿತ್ರೆಗೆ ಹೋಗೋಣ. 1998ರಲ್ಲಿ ಬಾಟ್‌ವಿನಿಕ್ ಮತ್ತು ಕೊಹೆನ್ ಎಂಬ ಇಬ್ಬರು ಅಮೆರಿಕದಲ್ಲಿ ಒಂದು ಸಣ್ಣ ಪ್ರಯೋಗ ಮಾಡಿದರು. ಮೇಜಿನ ಮೇಲೆ ರಬ್ಬರಿನ ಕೈ ಇಟ್ಟು, ಮನುಷ್ಯನ ನಿಜವಾದ ಕೈಯನ್ನು ಮರೆಮಾಡಿ, ಎರಡನ್ನೂ ಒಂದೇ ತಾಳದಲ್ಲಿ ಕುಂಚದಿಂದ ಸವರಿದರು. ಸ್ವಲ್ಪ ಹೊತ್ತಿನಲ್ಲೇ ಕೂತವನಿಗೆ ರಬ್ಬರಿನ ಕೈಯೇ ತನ್ನದೆನಿಸತೊಡಗಿತು. ಕಣ್ಣು ಕಂಡದ್ದೂ ಚರ್ಮ ಮುಟ್ಟಿದ್ದೂ ಒಟ್ಟಿಗೆ ಕೂಡಿದರೆ 'ಇದು ನನ್ನದು' ಎಂದು ಮಿದುಳು ಒಪ್ಪಿಬಿಡುತ್ತದೆ. ಮುಂದಿನ ಪ್ರಯೋಗಗಳಲ್ಲಿ ಆ ರಬ್ಬರಿನ ಕೈಗೆ ಸೂಜಿ ಚುಚ್ಚಲು ಹೋದರೆ ಕೂತವರು ಬೆಚ್ಚಿಬಿದ್ದರು.

ಕಣ್ಣಷ್ಟೇ ಇದ್ದು ಸ್ಪರ್ಶವಿಲ್ಲದಿದ್ದರೆ ಏನಾಗುತ್ತದೆ ಎನ್ನಲು ಉದಾಹರಣೆ ಚಳ್ಳಕೆರೆಯಲ್ಲೇ ಇದೆ. ದನ ಮೇಯುತ್ತಿದ್ದ ಅಮೃತಮಹಲ್ ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ 2017ರಲ್ಲಿ ಚಾಲಕನಿಲ್ಲದ ವಿಮಾನಗಳ ಪರೀಕ್ಷಾ ಕೇಂದ್ರ ತೆರೆಯಿತು. 2019ರ ಸೆಪ್ಟೆಂಬರ್ 17ರಂದು ರುಸ್ತುಂ-2 ಎಂಬ ವಿಮಾನ ಜೋಡಿಚಿಕ್ಕೇನಹಳ್ಳಿಯ ಬಳಿ ನೆಲಕ್ಕೆ ಬಿತ್ತು. ಸುತ್ತಲಿನ ಜನ ಓಡಿ ಬಂದು ನೋಡಿದರು. ಒಳಗೆ ಯಾರೂ ಇರಲಿಲ್ಲ. ಅದರ ಕಣ್ಣಿನಿಂದ ಲೋಕ ನೋಡುವವರು ದೂರದ ಕೋಣೆಯಲ್ಲಿ ಕೂತಿರುತ್ತಾರೆ. ರೆಕ್ಕೆ ಮುರಿದರೂ ಅವರಿಗೆ ನೋಯದು.

ಕೈಯಿಂದ ಇಡೀ ಮೈಗೆ ಬಂದದ್ದು ಮುಂದಿನ ಹೆಜ್ಜೆ. 2007ರಲ್ಲಿ ಸ್ಟ್ಯಾನ್‌ಫರ್ಡ್‌ನ ಯೀ ಮತ್ತು ಬೈಲೆನ್ಸನ್, ಕೃತಕ ಲೋಕದಲ್ಲಿ ಎತ್ತರದ ಮೈ ಪಡೆದವರು ಹಣ ಹಂಚಿಕೊಳ್ಳುವ ಚೌಕಾಸಿಯಲ್ಲಿ ಹೆಚ್ಚು ಬಿಗಿ ಹಿಡಿಯುತ್ತಾರೆಂದು ತೋರಿಸಿದರು. 2013ರಲ್ಲಿ ಬಾರ್ಸಿಲೋನಾದ ಮೆಲ್ ಸ್ಲೇಟರ್ ತಂಡ ದೊಡ್ಡವರಿಗೆ ನಾಲ್ಕು ವರ್ಷದ ಮಗುವಿನ ಮೈ ತೊಡಿಸಿತು. ಅವರಿಗೆ ಸುತ್ತಲಿನ ವಸ್ತುಗಳು ಇದ್ದುದಕ್ಕಿಂತ ದೊಡ್ಡದಾಗಿ ಕಂಡವು. ಅದೇ ವರ್ಷ ಬಿಳಿಯ ಹೆಂಗಸರನ್ನು ಕಪ್ಪು ಮೈಯಲ್ಲಿ ಕೂರಿಸಿ, ಕೃತಕ ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಳ್ಳುವಂತೆ ಮಾಡಿದರು. ಕಪ್ಪು ಜನರ ಬಗ್ಗೆ ಅವರಲ್ಲಿದ್ದ ಒಳಗಿನ ಪೂರ್ವಗ್ರಹ ಪರೀಕ್ಷೆಯಲ್ಲಿ ತಗ್ಗಿದ್ದು ಕಂಡಿತು. ಜಗತ್ತು ಸಂಭ್ರಮಿಸಿತು. ದ್ವೇಷಕ್ಕೆ ಕೊನೆಗೂ ಒಂದು ಯಂತ್ರ ಸಿಕ್ಕಿತು ಎಂಬಂತೆ ಬರೆದವರೂ ಉಂಟು.

ನನಗೆ ಆ ಸಂಭ್ರಮ ಅಷ್ಟಾಗಿ ದಕ್ಕುವುದಿಲ್ಲ. ಯಾಕೆಂದರೆ 2009ರಲ್ಲೇ ಸ್ಟ್ಯಾನ್‌ಫರ್ಡ್‌ನಲ್ಲಿ ಇದೇ ಬಗೆಯ ಪ್ರಯೋಗ ನಡೆದಿತ್ತು. ಅಲ್ಲಿ ಕಪ್ಪು ಮೈ ತೊಟ್ಟವರನ್ನು ಕೆಲಸದ ಸಂದರ್ಶನಕ್ಕೆ ಕೂರಿಸಿದ್ದರು. ಪೂರ್ವಗ್ರಹ ಇಳಿಯುವ ಬದಲು ಏರಿತ್ತು. ಅದೇ ಬಣ್ಣ, ಫಲ ಮಾತ್ರ ತಿರುಗುಮುರುಗು. 2020ರಲ್ಲಿ ಬಾರ್ಸಿಲೋನಾದ ತಂಡವೇ ಇದನ್ನು ಬಿಡಿಸಿ ನೋಡಿತು. ಕೃತಕ ಲೋಕದಲ್ಲಿ ಸುತ್ತ ಓಡಾಡುವವರು ನಗುಮೊಗದಿಂದಲೋ ಸುಮ್ಮನೆಯೋ ಇದ್ದರೆ ಪೂರ್ವಗ್ರಹ ತಗ್ಗುತ್ತದೆ. ಅವರು ಮುಖ ಗಂಟಿಕ್ಕಿದರೆ ಆ ಫಲ ಕಾಣುವುದಿಲ್ಲ. ಅಂದರೆ ತೊಟ್ಟ ಮೈ ಅರ್ಧ, ಆ ಮೈಯನ್ನು ಸುತ್ತಲಿನವರು ಹೇಗೆ ನೋಡುತ್ತಾರೆಂಬುದು ಉಳಿದರ್ಧ.

ನಡುವೆ 2018ರ ಒಂದು ಪ್ರಯೋಗವನ್ನು ಹೇಳದೆ ಹೋಗಲಾರೆ. ಮನೆಯ ಹೆಂಗಸರ ಮೇಲೆ ದೌರ್ಜನ್ಯ ಎಸಗಿದ್ದ ಗಂಡಸರಿಗೆ ಸ್ಪೇನಿನಲ್ಲಿ ಹೆಣ್ಣಿನ ಮೈ ತೊಡಿಸಿದರು. ಕೃತಕ ಗಂಡಸೊಬ್ಬ ಎದುರು ಬಂದು ಬಯ್ದ, ಸಾಮಾನು ಎಸೆದ, ಹತ್ತಿರ ಹತ್ತಿರ ಬಂದ. ಈ ಗಂಡಸರಿಗೆ ಮೊದಲು ಹೆಣ್ಣಿನ ಹೆದರಿದ ಮುಖ ಕೂಡ ನಗುಮುಖವಾಗಿ ಕಾಣುತ್ತಿತ್ತಂತೆ. ಆ ಅನುಭವದ ನಂತರ ಹೆದರಿಕೆಯನ್ನು ಹೆದರಿಕೆಯೆಂದೇ ಗುರುತಿಸುವುದು ಸುಧಾರಿಸಿತು. ಎಷ್ಟು ಹೆಂಗಸರ ಮುಖಗಳನ್ನು ನಮ್ಮ ಮನೆಗಳಲ್ಲೂ ಹೀಗೆ ತಪ್ಪಾಗಿ ಓದಿದ್ದೇವೋ!

ಈಗ ಆ ಸಿದ್ದಿಯ ಬಳಿ ಬರೋಣ. 1832ಕ್ಕೂ ಮೊದಲೇ ದಖ್ಖನ್ನಿನ ಜನ ಕಪ್ಪು ಮೈ ತೊಟ್ಟು ಬೀದಿಯಲ್ಲಿ ಕುಣಿದಿದ್ದರು. ಅದರಿಂದ ಸಿದ್ದಿಗಳ ಬಗ್ಗೆ ಜನರ ಮನಸ್ಸು ತಿಳಿಯಾಯಿತೆಂದು ಹೇಳಲು ಯಾವ ಆಧಾರವೂ ಇಲ್ಲ. ಆ ವೇಷ ಸುತ್ತಲಿನವರನ್ನು ನಗಿಸಲು ಕಟ್ಟಿದ್ದು. ನಗುವ ಗುಂಪಿನ ನಡುವೆ ಕಪ್ಪು ಮೈ ನಗೆಪಾಟಲಿನ ಮೈಯಾಗಿಯೇ ಉಳಿಯುತ್ತದೆ. ಬಯಲಾಟದ ಕಥೆಯೂ ಇಷ್ಟೆ. ರಾತ್ರಿಯಿಡೀ ಧರ್ಮರಾಯನ ಕಿರೀಟ ಹೊತ್ತ ದಲಿತ ಕಲಾವಿದ ಬೆಳಗ್ಗೆ ಬಣ್ಣ ತೊಳೆದು ಹೋಟೆಲಿಗೆ ಬಂದರೆ ಅವನ ಲೋಟ ಬೇರೆ. ವೇಷ ಅವನಿಗೆ ಗತ್ತು ಕೊಟ್ಟಿರಬಹುದು, ನೋಡಿದವರಿಗೆ ಅದು ಬುದ್ಧಿ ಕೊಡಲಿಲ್ಲ.

ಫಕೀರನದು ಬೇರೆ ಬಗೆ. ಅವನೆದುರು ಕನ್ನಡಿ ಇಲ್ಲ, ಊರೇ ಕನ್ನಡಿ. ಬಾಗಿಲಿಗೆ ಬಂದವನು ಎದುರುಮನೆಯ ತಿಪ್ಪೇಸ್ವಾಮಿಯೆಂದು ಗೊತ್ತಿದ್ದೂ ಮನೆಯಾಕೆ 'ಫಕೀರ ಬಂದ' ಎಂದು ತಲೆಮೇಲೆ ಸೆರಗೆಳೆದುಕೊಂಡು ಮೊರದಲ್ಲಿ ಜೋಳ ತರುತ್ತಾಳೆ. ಅವನನ್ನು ಫಕೀರನನ್ನಾಗಿ ಮಾಡುವುದು ಲಾಡಿಗಿಂತ ಹೆಚ್ಚಾಗಿ ಆ ಸೆರಗು. ಇನ್ನೊಂದು ಮಾತು. ನಾವು ಓದಿದವರು ಇದನ್ನು 'ಹಿಂದೂ ಒಬ್ಬ ಮುಸ್ಲಿಮನ ವೇಷ ತೊಟ್ಟ' ಎಂದು ಭಾವೈಕ್ಯದ ಭಾಷಣಕ್ಕೆ ಎತ್ತಿಕೊಳ್ಳುತ್ತೇವೆ. ಅವನ ಲೆಕ್ಕದಲ್ಲಿ ಅವನು ಮುಸ್ಲಿಮನಾಗಲೇ ಇಲ್ಲ, ಪೀರನ ಫಕೀರನಾದ. ಬಿಳಿ-ಕಪ್ಪು ಎಂದು ಗೆರೆ ಎಳೆದು ಅಳೆಯುವ ಪ್ರಯೋಗಾಲಯದ ಪರೀಕ್ಷೆ ಇವನ ಬಳಿ ಬಂದರೆ ಯಾವ ಗೆರೆ ಎಳೆದೀತು?

ವೇಷಕ್ಕೆ ಮನಸ್ಸನ್ನು ಬದಲಿಸುವ ಶಕ್ತಿ ಇದೆಯೆಂದು ಪ್ರಯೋಗಾಲಯಕ್ಕಿಂತ ಮೊದಲೇ ನಂಬಿದ್ದವರು, ವಿಚಿತ್ರವೆಂದರೆ, ವೇಷವನ್ನು ವಿರೋಧಿಸಿದವರು. ಇನ್ನೊಂದು ಜನರ ರೂಪ, ಉಡುಗೆ, ನಡೆಗಳನ್ನು ಅನುಕರಿಸುವುದನ್ನು ಉಲೇಮಾಗಳು 'ತಶಬ್ಬುಹ್' ಎಂದು ಕರೆದು ಎಚ್ಚರಿಸುತ್ತ ಬಂದರು. ಹುಲಿ, ಮಜ್ನೂನ್ ವೇಷಗಳು ಕರ್ಬಲಾದ ಶೋಕಕ್ಕೆ ಅಪಚಾರವೆಂದರು. ಶೋಕದ ಮಾತು ನನಗೂ ಒಪ್ಪಿಗೆಯಾಗುವಂಥದ್ದೇ. ಆಚೆ ಕಡೆ, ನಮ್ಮವರು ಫಕೀರರಾಗುವುದೇಕೆ ಎಂದು ಕೇಳುವವರ ದನಿ 1992ರ ಬಳಿಕ ಗಟ್ಟಿಯಾಯಿತು. ಇಬ್ಬರಿಗೂ ಇದ್ದ ಅಂಜಿಕೆ ಒಂದೇ: ತೊಟ್ಟ ಮೈ ಒಳಗೆ ಇಳಿದುಬಿಟ್ಟೀತು.

ಹಬ್ಬ ಮಾತ್ರ ನಿಂತಿಲ್ಲ. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರುಗಳಲ್ಲಿ ಪಕ್ಕದೂರಿನಿಂದ ಮುಲ್ಲಾನನ್ನು ಕರೆತಂದು ಸಕ್ಕರೆ ಓದಿಸುತ್ತಾರೆ. ಪಂಜಾಗಳು ಹೊಳೆಗೋ ಬಾವಿಗೋ ಹೋಗಿ ಬಂದ ಮೇಲೆ ಫಕೀರರು ಲಾಡಿ ಬಿಚ್ಚಿ, ತಲೆಗೆ ನೀರು ಹೊಯ್ದುಕೊಂಡು, ಮರುದಿನ ಶೇಂಗಾ ಹೊಲದ ಕಳೆ ತೆಗೆಯಲು ಹೋಗುತ್ತಾರೆ. ಹುಲಿಯಾದವನಿಗೆ ಅಷ್ಟು ಸುಲಭವಿಲ್ಲ, ಬಣ್ಣ ಬಿಡಲು ಸೀಮೆಎಣ್ಣೆ ಬೇಕು, ನಾಲ್ಕು ದಿನ ಬೇಕು.