ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿದೆ?

2023ರ ಫೆಬ್ರವರಿ 8ರಂದು ಬೀರೂರು–ಚಿಕ್ಕಜಾಜೂರು ಮಾರ್ಗದ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್‌ಗೆ ಮುಂದೆ ಹೋಗಲು ಸಿಗ್ನಲ್ ಸಿಕ್ಕಿತ್ತು. ಪಾಯಿಂಟ್ ಮಾತ್ರ ಬೇರೆ ಹಳಿಯ ಕಡೆಗೆ ತಿರುಗಿತ್ತು. ಲೋಕೊ ಪೈಲಟ್ ಅದನ್ನು ಗಮನಿಸಿ ಗಾಡಿ ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ, ಹಾಗಾಗಿ ಅದು ಸುದ್ದಿಯೂ ಆಗಲಿಲ್ಲ. ಮರುದಿನವೇ ನೈರುತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ಸಿಗ್ನಲ್ ವ್ಯವಸ್ಥೆಯಲ್ಲಿ ಗಂಭೀರ ದೋಷವಿದೆಯೆಂದು ಎಚ್ಚರಿಸಿ ಪತ್ರ ಬರೆದರು. ನಾಲ್ಕು ತಿಂಗಳು ತುಂಬುವುದರೊಳಗೆ, ಜೂನ್ 2ರಂದು, ಒಡಿಶಾದ ಬಹನಾಗಾ ಬಜಾರ್ ನಿಲ್ದಾಣದಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮೇನ್ ಲೈನಿನ ಸಿಗ್ನಲ್ ತೋರಿಸಿ ಪಾಯಿಂಟ್ ಲೂಪ್ ಲೈನಿಗೆ ತೆರೆದುಕೊಂಡಿತ್ತು. ಅಲ್ಲಿ ನಿಂತಿದ್ದ ಗೂಡ್ಸ್ ಗಾಡಿಗೆ ಅದು ಬಡಿಯಿತು; 290ಕ್ಕೂ ಹೆಚ್ಚು ಜನ ಸತ್ತರು. ಪೂರ್ಣ ವೇಗದಲ್ಲಿದ್ದ ಆ ಗಾಡಿಯ ಚಾಲಕರಿಗೆ ನೋಡಿ ನಿಲ್ಲಿಸುವಷ್ಟು ಹೊತ್ತೇ ಇರಲಿಲ್ಲ. ಲೆವೆಲ್ ಕ್ರಾಸಿಂಗ್ ಗೇಟಿನ ಕೆಲಸದ ವೇಳೆ ಮತ್ತು ಅದಕ್ಕೂ ವರ್ಷಗಳ ಹಿಂದೆ ತಂತಿಗಳ ಜೋಡಣೆಯಲ್ಲಿ ಆದ ತಪ್ಪುಗಳೇ ಕಾರಣವೆಂದು ರೈಲ್ವೆ ಸುರಕ್ಷತಾ ಆಯುಕ್ತರ ವರದಿ ಹೇಳಿತು. 2022ರ ಮೇ ತಿಂಗಳಲ್ಲಿ ಅದೇ ಖರಗ್‌ಪುರ ವಿಭಾಗದ ಇನ್ನೊಂದು ನಿಲ್ದಾಣದಲ್ಲೂ ತಪ್ಪು ವೈರಿಂಗಿನಿಂದ ಇಂಥದೇ ಘಟನೆ ನಡೆದಿತ್ತೆಂಬುದನ್ನೂ ವರದಿ ನೆನಪಿಸಿತು.

ಸಾರಿಗೆ ಮತ್ತು ಇಂಧನ ಉದ್ಯಮಗಳ ಸುರಕ್ಷತೆಯ ಚರಿತ್ರೆಯನ್ನು ಸಾಮಾನ್ಯವಾಗಿ ಉಪಕರಣಗಳ ಚರಿತ್ರೆಯಾಗಿ ಬರೆಯುತ್ತಾರೆ: ಸೇಫ್ಟಿ ವಾಲ್ವ್ ಬಂತು, ಏರ್ ಬ್ರೇಕ್ ಬಂತು, ಈಗ ರೈಲುಗಳ ಡಿಕ್ಕಿ ತಡೆಯುವ 'ಕವಚ' ಬಂದಿದೆ. ಅದು ಸುಳ್ಳಲ್ಲ, ಆದರೆ ಅರ್ಧ ಕಥೆ. ಈ ಕ್ಷೇತ್ರ ನಿಜವಾಗಿ ಮುಂದಡಿಯಿಟ್ಟಾಗಲೆಲ್ಲ 'ಕೆಲಸ ನಿಲ್ಲಿಸಿ' ಎನ್ನುವ ಅಧಿಕಾರ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿದೆ. ಲಾಭ, ಗಡುವು, ಉತ್ಪಾದನೆಯ ಲೆಕ್ಕ ನೋಡುವವರ ಕೈಯಿಂದ ಅಪಾಯವನ್ನು ಹತ್ತಿರದಿಂದ ಕಾಣುವವರ ಕೈಗೆ. ಸುಸ್ಥಿರತೆಯೆಂದು ನಾವು ಈಗ ಬೇರೆ ಹೆಸರಿನಲ್ಲಿ ಕರೆಯುವುದು ಕೂಡ ಇದೇ ಜಗಳದ ಮುಂದುವರಿಕೆ. ಅಲ್ಲಿ ಹಾನಿ ಒಂದು ಕ್ಷಣದಲ್ಲಿ ಸಿಡಿಯುವುದಿಲ್ಲ, ದಶಕಗಟ್ಟಲೆ ಜಿನುಗುತ್ತದೆ, ಅಷ್ಟೇ.

ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಪಾಯಿಂಟ್ ಮತ್ತು ಸಿಗ್ನಲ್‌ಗಳು ಒಂದಕ್ಕೊಂದು ವಿರುದ್ಧವಾಗಿ ಚಲಿಸದಂತೆ ಕಟ್ಟಿಹಾಕುವ ಇಂಟರ್‌ಲಾಕಿಂಗ್‌ಗೆ ಜಾನ್ ಸ್ಯಾಕ್ಸ್‌ಬಿ 1856ರಲ್ಲೇ ಪೇಟೆಂಟ್ ಪಡೆದಿದ್ದ. ಸರ್ಕಾರಿ ರೈಲ್ವೆ ಇನ್‌ಸ್ಪೆಕ್ಟರುಗಳು 1840ರಿಂದಲೇ ಇದ್ದರು, ವರದಿಯ ಮೇಲೆ ವರದಿ ಬರೆದರು. ಕಂಪನಿಗಳು ಖರ್ಚಿನ ನೆಪ ಹೇಳಿ ಬದಿಗಿಟ್ಟವು. 1889ರ ಜೂನ್ 12ರಂದು ಐರ್ಲೆಂಡಿನ ಅರ್ಮಾ ಬಳಿ ಭಾನುವಾರದ ಶಾಲೆಯ ಮಕ್ಕಳನ್ನು ಹೊತ್ತ ವಿಹಾರದ ಗಾಡಿಯೊಂದು ಏರು ಹತ್ತಲಾರದೆ ನಿಂತಿತು. ಸಿಬ್ಬಂದಿ ಗಾಡಿಯನ್ನು ಎರಡಾಗಿ ಬಿಡಿಸಿದರು. ಹಿಂದಿನ ಡಬ್ಬಿಗಳಿಗೆ ತಾನೇ ಹಿಡಿದುಕೊಳ್ಳುವ ಬ್ರೇಕ್ ಇರಲಿಲ್ಲ. ಅವು ಇಳಿಜಾರಿನಲ್ಲಿ ಉರುಳಿ, ಹಿಂದೆ ಬರುತ್ತಿದ್ದ ಗಾಡಿಗೆ ಬಡಿದವು. 80 ಜನ ಸತ್ತರು. ದಶಕಗಳ ಕಾಲ ಸಲಹೆಯಾಗಿ ಉಳಿದಿದ್ದ ನಿರಂತರ ಬ್ರೇಕ್, ಬ್ಲಾಕ್ ಸಿಗ್ನಲಿಂಗ್, ಇಂಟರ್‌ಲಾಕಿಂಗ್ ಮೂರೂ ಮೂರು ತಿಂಗಳೊಳಗೆ ಕಾನೂನಾದವು. ಉಪಕರಣ ಹೊಸದಾಗಿರಲಿಲ್ಲ. ಅದನ್ನು ಬೇಡವೆನ್ನುವ ಅಧಿಕಾರ ಕಂಪನಿಯ ಕೈಯಿಂದ ಜಾರಿತು, ಹೊಸದಾದದ್ದು ಅಷ್ಟು ಮಾತ್ರ.

ನಿಲ್ಲಿಸುವ ಅಧಿಕಾರ ಕೊಟ್ಟರೆ ಉದ್ಯಮವೇ ಕುಂಟುತ್ತದೆ ಎಂಬ ಆಕ್ಷೇಪ ಆಗಲೂ ಇತ್ತು, ಈಗಲೂ ಇದೆ. ರೈಲ್ವೆಯ ಅನುಭವ ಇದಕ್ಕೆ ತಿರುಗುಬಾಣ. ಹಿಂದಿನ ಗಾಡಿ ಬಂದು ಹೊಡೆಯುವುದಿಲ್ಲ ಎಂಬ ಭರವಸೆ ಇದ್ದಾಗಲೇ ಒಂದೇ ಹಳಿಯಲ್ಲಿ ಹೆಚ್ಚು ಗಾಡಿಗಳನ್ನು ಹೆಚ್ಚು ವೇಗದಲ್ಲಿ ಓಡಿಸಲು ಸಾಧ್ಯ. ಭಾರತದಲ್ಲಿ ರೈಲ್ವೆ ಸುರಕ್ಷತಾ ಆಯೋಗ ಇರುವುದು ರೈಲ್ವೆ ಸಚಿವಾಲಯದ ಕೆಳಗಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗೆ. ಮೊದಲ ಬಾರಿ ಕೇಳುವವರಿಗೆ ಇದು ಸರ್ಕಾರಿ ವಿಚಿತ್ರಗಳಲ್ಲೊಂದೆನಿಸಬಹುದು, ಆದರೆ ಅದರ ಬುದ್ಧಿವಂತಿಕೆ ಇರುವುದೇ ಅಲ್ಲಿ: ಗಾಡಿ ಓಡಿಸುವವರೇ ಗಾಡಿಗೆ ಸರ್ಟಿಫಿಕೇಟ್ ಕೊಡುವಂತಿಲ್ಲ. ಬೆಂಗಳೂರಿನ ಮೆಟ್ರೊ ಮಾರ್ಗವೊಂದು ಸಿದ್ಧವಾಗಿ ನಿಂತಿದ್ದರೂ ಸುರಕ್ಷತಾ ಆಯುಕ್ತರ ಒಪ್ಪಿಗೆ ಬರುವವರೆಗೆ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವಂತಿಲ್ಲ. ಪತ್ರಿಕೆಗಳು ಪ್ರತಿ ಸಲವೂ ಅದನ್ನು 'ವಿಳಂಬ' ಎಂದು ಬರೆಯುತ್ತವೆ. ಆದರೆ ಈ ಅಧಿಕಾರ ಹೊಸ ಮಾರ್ಗದ ಬಾಗಿಲಲ್ಲಿ ಬಲವಾಗಿದ್ದಷ್ಟು ಹಳೆಯ ಮಾರ್ಗದ ದಿನನಿತ್ಯದ ದುರಸ್ತಿಯಲ್ಲಿ ಬಲವಾಗಿಲ್ಲ. ಅನಿಲ್ ಕಾಕೋಡ್ಕರ್ ನೇತೃತ್ವದ ಸಮಿತಿ 2012ರಲ್ಲಿ ಹೆಚ್ಚು ಅಧಿಕಾರವುಳ್ಳ ಸ್ವತಂತ್ರ ರೈಲ್ವೆ ಸುರಕ್ಷತಾ ಪ್ರಾಧಿಕಾರ ಬೇಕೆಂದದ್ದು ಈ ಕೊರತೆಯನ್ನು ಕಂಡೇ. ಅದೇ ಸಮಿತಿ ಆಡಿದ್ದ ಹಣದ ಮಾತನ್ನು ಸರ್ಕಾರ ತಡವಾಗಿಯಾದರೂ ಕೇಳಿ 2017ರಲ್ಲಿ ಒಂದು ಲಕ್ಷ ಕೋಟಿ ರೂಪಾಯಿಯ ಸುರಕ್ಷಾ ನಿಧಿ ಸ್ಥಾಪಿಸಿತು. ಪ್ರಾಧಿಕಾರದ ಮಾತು ಕಡತದಲ್ಲಿ ಉಳಿಯಿತು.

ತೈಲೋದ್ಯಮ ಇದೇ ಪಾಠವನ್ನು ನೂರು ವರ್ಷ ತಡವಾಗಿ, ಇನ್ನೂ ಕಟುವಾಗಿ ಕಲಿಯಿತು. 1988ರ ಜುಲೈ 6ರ ರಾತ್ರಿ ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲವೇದಿಕೆಯಲ್ಲಿ ಎರಡು ಪಂಪುಗಳಲ್ಲಿ ಒಂದು ಕೆಟ್ಟಿತು. ಇನ್ನೊಂದರ ಸುರಕ್ಷಾ ವಾಲ್ವನ್ನು ಹಗಲು ಪಾಳಿಯವರು ದುರಸ್ತಿಗೆಂದು ಬಿಚ್ಚಿ, ಆ ಜಾಗಕ್ಕೆ ಮುಚ್ಚಳದ ತಟ್ಟೆ ಹಾಕಿದ್ದರು. ಹಾಗೆಂದು ಬರೆದಿಟ್ಟ ಕಾಗದ ರಾತ್ರಿ ಪಾಳಿಯವರ ಕಣ್ಣಿಗೆ ಬೀಳಲಿಲ್ಲ. ಅವರು ಪಂಪು ಚಾಲೂ ಮಾಡಿದರು. ಮೊದಲ ಸ್ಫೋಟ ದೊಡ್ಡದೇ, ಆದರೆ ವೇದಿಕೆಯನ್ನು ಮುಗಿಸಿದ್ದು ಅದೊಂದೇ ಅಲ್ಲ. ಪಕ್ಕದ ಕ್ಲೇಮೋರ್ ಮತ್ತು ಟಾರ್ಟನ್ ವೇದಿಕೆಗಳು ಅದೇ ಕೊಳವೆ ಜಾಲಕ್ಕೆ ಜೋಡಣೆಯಾಗಿದ್ದವು. ಪೈಪರ್ ಉರಿಯುತ್ತಿರುವುದು ದೂರದಿಂದಲೇ ಕಾಣುತ್ತಿದ್ದರೂ ಅವು ಉತ್ಪಾದನೆಯನ್ನು ತಕ್ಷಣ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಶುರುಮಾಡುವ ವೆಚ್ಚ ಭಾರಿ. ನಿರ್ಧಾರಕ್ಕಾಗಿ ಅಲ್ಲಿನವರು ದಡದ ಕಚೇರಿಯ ಕಡೆ ನೋಡಿದರು. 167 ಜನ ಸತ್ತರು. ಲಾರ್ಡ್ ಕಲನ್ ನಡೆಸಿದ ವಿಚಾರಣೆ 1990ರಲ್ಲಿ 106 ಶಿಫಾರಸುಗಳನ್ನು ಮಾಡಿತು, ಎಲ್ಲವನ್ನೂ ಒಪ್ಪಿಕೊಳ್ಳಲಾಯಿತು. ಅವುಗಳಲ್ಲಿ ಎರಡು ಈ ವಾದಕ್ಕೆ ಮುಖ್ಯ. ಸಮುದ್ರದ ಸುರಕ್ಷತೆಯ ಮೇಲ್ವಿಚಾರಣೆಯನ್ನು, ತೈಲೋತ್ಪಾದನೆ ಹೆಚ್ಚಿಸುವ ಹೊಣೆಯೂ ಇದ್ದ ಇಂಧನ ಇಲಾಖೆಯಿಂದ ಕಿತ್ತು ಸುರಕ್ಷತೆಯೊಂದನ್ನೇ ನೋಡುವ ಸಂಸ್ಥೆಗೆ ಕೊಟ್ಟದ್ದು ಒಂದು. ನಿಯಮಗಳ ಪಟ್ಟಿಗೆ ಟಿಕ್ ಹಾಕಿದರೆ ಸಾಲದು, ನಿಮ್ಮ ವೇದಿಕೆಯಲ್ಲಿ ಏನೇನು ಕೆಡಬಹುದು, ಕೆಟ್ಟರೆ ಏನು ಮಾಡುತ್ತೀರಿ ಎಂಬುದನ್ನು ನೀವೇ ಬರೆದು ಒಪ್ಪಿಸಬೇಕು, ಒಪ್ಪಿಗೆಯಾಗದಿದ್ದರೆ ಕೆಲಸವಿಲ್ಲ ಎಂದದ್ದು ಇನ್ನೊಂದು.

ಕಾಗದದ ಮೇಲೆ ಬಂದ ಅಧಿಕಾರ ಕೈಗೆ ಬಂದೇಬಿಡುತ್ತದೆಂದೇನೂ ಇಲ್ಲ. 2005ರಲ್ಲಿ ಅಮೆರಿಕದ ಟೆಕ್ಸಾಸ್ ಸಿಟಿ ಸಂಸ್ಕರಣಾಗಾರದ ಸ್ಫೋಟದಲ್ಲಿ 15 ಜನ ಸತ್ತರು. ಅದನ್ನು ಪರಿಶೀಲಿಸಿದ ಬೇಕರ್ ಸಮಿತಿ ಹೇಳಿದ್ದು ಸರಳ: ಕಂಪನಿ ಕಾರ್ಮಿಕರಿಗಾದ ಗಾಯ, ಮುರಿದ ಬೆರಳುಗಳನ್ನು ಎಣಿಸಿ ತಾನು ಸುರಕ್ಷಿತ ಎಂದುಕೊಂಡಿತ್ತು, ಆದರೆ ಆ ಎಣಿಕೆ ಸ್ಫೋಟದ ಅಪಾಯವನ್ನು ಅಳೆಯುವುದೇ ಇಲ್ಲ. ಐದು ವರ್ಷಗಳ ಮೇಲೆ ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್‌ನಲ್ಲಿ 11 ಜನ ಸತ್ತ ದಿನ, ಏಳು ವರ್ಷ ಗಾಯವಿಲ್ಲದೆ ದುಡಿದದ್ದಕ್ಕೆ ಸಿಬ್ಬಂದಿಯನ್ನು ಅಭಿನಂದಿಸಲು ಬಂದ ಅಧಿಕಾರಿಗಳು ವೇದಿಕೆಯ ಮೇಲೇ ಇದ್ದರು. ನಮ್ಮಲ್ಲಿ ಸೆಬಿ 2022–23ರಿಂದ ದೊಡ್ಡ ಸಾವಿರ ಲಿಸ್ಟೆಡ್ ಕಂಪನಿಗಳಿಗೆ ಕಡ್ಡಾಯ ಮಾಡಿದ ಸುಸ್ಥಿರತಾ ವರದಿಯಲ್ಲಿ ಇಂಗಾಲದ ಲೆಕ್ಕದ ಜೊತೆ ಗಾಯಗಳಿಂದ ಕೆಲಸ ತಪ್ಪಿದ ಪ್ರಮಾಣವನ್ನೂ ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಎಷ್ಟು ಸಲ ಕೆಲಸ ನಿಲ್ಲಿಸಲಾಯಿತು, ನಿಲ್ಲಿಸಿದವರಿಗೆ ಆಮೇಲೆ ಏನಾಯಿತು ಎಂಬ ಕಲಮೊಂದು ಅದರ ಪಕ್ಕದಲ್ಲಿದ್ದಿದ್ದರೆ ಆ ವರದಿಯನ್ನು ಓದುವ ಕುತೂಹಲ ಹುಟ್ಟುತ್ತಿತ್ತು.

ಅಧಿಕಾರವಿದ್ದೂ ಅದು ಬಾಯಿಗೆ ಬರದಿರುವ, ಬಂದರೂ ಕಿವಿಗೆ ಬೀಳದಿರುವ ಸಂಗತಿಯನ್ನು ವಿಮಾನಯಾನ ಹೆಚ್ಚು ಶ್ರದ್ಧೆಯಿಂದ ಅಧ್ಯಯನ ಮಾಡಿದೆ. 1976ರಿಂದ ಅಮೆರಿಕದ ಪೈಲಟ್‌ಗಳು ತಮ್ಮ ತಪ್ಪುಗಳನ್ನು ಶಿಕ್ಷೆಯ ಭಯವಿಲ್ಲದೆ ನಾಸಾಗೆ ವರದಿ ಮಾಡಬಲ್ಲರು. ಆದರೂ 2010ರ ಮೇ 22ರಂದು ಮಂಗಳೂರಿನ ಬಜ್ಪೆಯ ಗುಡ್ಡದ ರನ್‌ವೇ ದಾಟಿ ಕಣಿವೆಗೆ ಬಿದ್ದ ವಿಮಾನದಲ್ಲಿ 158 ಜನ ಸತ್ತರು. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಸಲ ಹೇಳಿದ್ದನ್ನು ವಿಚಾರಣಾ ವರದಿ ದಾಖಲಿಸಿತು. ಯಂತ್ರದ ಎಚ್ಚರಿಕೆಗಳೂ ಇದ್ದವು. ಯಂತ್ರವೇ ಎಲ್ಲವನ್ನೂ ನೋಡಿಕೊಳ್ಳುತ್ತದೆ ಎನ್ನುವವರಿಗೆ ಇಲ್ಲೊಂದು ಉತ್ತರವಿದೆ, ಬಹನಾಗಾದಲ್ಲಿ ಇನ್ನೊಂದಿದೆ: ಅಲ್ಲಿ ಯಂತ್ರ ತನಗೆ ಕೊಟ್ಟ ತಂತಿಯ ಮಾತನ್ನು ನಂಬಿ ಹಸಿರು ತೋರಿಸಿತು. ರಸ್ತೆಯ ವಿಷಯ ಇಲ್ಲಿ ಬೆಳೆಸುವುದಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆಯ ಮಿತಿ ಹಾಕಿದ್ದರೂ, ನಿದ್ದೆ ಬರುತ್ತಿದೆ, ಇನ್ನು ಓಡಿಸಲಾರೆ ಎಂದು ಮಾಲೀಕನಿಗೆ ಹೇಳಿ ಕೆಲಸ ಉಳಿಸಿಕೊಳ್ಳಬಲ್ಲ ಲಾರಿ ಚಾಲಕ ಅಪರೂಪ.

ಅಣುವಿದ್ಯುತ್ತಿಗೆ ಬಂದರೆ ಕೈಗಾದ ಉದಾಹರಣೆ ನಮ್ಮ ಕೈಯಳತೆಯಲ್ಲೇ ಇದೆ. 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಮೊದಲ ಘಟಕದ ಒಳಗುಮ್ಮಟದ ಕಾಂಕ್ರೀಟ್ ಪದರ ಕಳಚಿ ಬಿತ್ತು. ಗುಮ್ಮಟದ ವಿನ್ಯಾಸವನ್ನು ಬದಲಿಸಿ ಮತ್ತೆ ಕಟ್ಟಲಾಯಿತು, ವಿದ್ಯುತ್ ಬರುವ ಹೊತ್ತಿಗೆ 2000ನೇ ಇಸವಿಯಾಯಿತು. ಅದೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಬಿಡುವಿಲ್ಲದೆ ನಡೆದು ಜಾಗತಿಕ ದಾಖಲೆ ಮಾಡಿತು. ನಿಂತು ಸರಿಪಡಿಸಿಕೊಂಡದ್ದು ನಷ್ಟವೇ ಆಗಬೇಕಿಲ್ಲ ಎನ್ನಲು ಇದು ಸಾಕು. ಆದರೆ ನಿಲ್ಲಿಸುವವರ ಸ್ಥಾನ ಮಾತ್ರ ಅಷ್ಟು ಗಟ್ಟಿಯಾಗಿರಲಿಲ್ಲ. 1983ರಲ್ಲಿ ಹುಟ್ಟಿದ ಅಣುಶಕ್ತಿ ನಿಯಂತ್ರಣ ಮಂಡಳಿ ವರದಿ ಒಪ್ಪಿಸುತ್ತಿದ್ದದ್ದು ಅಣುಶಕ್ತಿ ಇಲಾಖೆಯ ಕಾರ್ಯದರ್ಶಿಯೇ ಅಧ್ಯಕ್ಷರಾಗಿರುವ ಆಯೋಗಕ್ಕೆ. 2012ರಲ್ಲಿ ಸಿಎಜಿ ಈ ಅವಲಂಬನೆಯನ್ನು ಟೀಕಿಸಿತು. ಸ್ವತಂತ್ರ ಪ್ರಾಧಿಕಾರಕ್ಕಾಗಿ 2011ರಲ್ಲಿ ತಂದ ಮಸೂದೆ ಕಾನೂನಾಗದೆ ಬಿದ್ದುಹೋಯಿತು.

ಇಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪವೊಂದನ್ನು ಎದುರಿಸಬೇಕು. ನೂರು ಕೋಟಿ ಯೂನಿಟ್ ವಿದ್ಯುತ್ತಿಗೆ ಕಲ್ಲಿದ್ದಲು ತೆಗೆದುಕೊಳ್ಳುವ ಜೀವ ಸುಮಾರು 24.6, ಅಣುವಿದ್ಯುತ್ತು 0.03, ಗಾಳಿ 0.04, ಸೌರ 0.02 ಎಂದು ಅಂದಾಜಿದೆ. ಹಾಗಿದ್ದರೆ ಹೊಸ, ಶುಭ್ರ ವಿದ್ಯುತ್ತಿಗೆ ಒಡ್ಡುವ ಪ್ರತಿ ತಡೆಯೂ ಕಲ್ಲಿದ್ದಲಿನ ಹೊಗೆಯಲ್ಲಿ ಜನರನ್ನು ಕೊಲ್ಲುತ್ತದಲ್ಲವೇ? ಲೆಕ್ಕ ಸರಿ, ತೀರ್ಮಾನ ಸರಿಯಿಲ್ಲ. ಕಲ್ಲಿದ್ದಲಿನ ಸಾವುಗಳಲ್ಲಿ ಬಹುಪಾಲು ಗಾಳಿಯ ಮಾಲಿನ್ಯದವು, ಅಂದರೆ ಯಾರೂ 'ನಿಲ್ಲಿಸಿ' ಎನ್ನಲಾರದ ಸಾವುಗಳು. ಉಷ್ಣಸ್ಥಾವರಗಳ ಹೊಗೆಗೆ ಕೇಂದ್ರ ಸರ್ಕಾರ 2015ರ ಡಿಸೆಂಬರಿನಲ್ಲಿ ಹೊಸ ಮಿತಿ ಹೇರಿ ಎರಡು ವರ್ಷದ ಗಡುವು ಕೊಟ್ಟಿತು. ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು; 2025ರ ಜುಲೈನಲ್ಲಿ ಬಹುಪಾಲು ಘಟಕಗಳಿಗೆ ಗಂಧಕ ಹೀರುವ ಉಪಕರಣದಿಂದಲೇ ವಿನಾಯಿತಿ ಸಿಕ್ಕಿತು. ಒಂದೇ ದಿನ ನೂರು ಜನ ಸತ್ತಿದ್ದರೆ ಅರ್ಮಾದಂತೆ ಮೂರು ತಿಂಗಳಲ್ಲಿ ಕಾನೂನು ಬರುತ್ತಿತ್ತು. ಕಲ್ಲಿದ್ದಲಿನ ಅಂಕಿ ತೋರಿಸುವುದು ತಡೆ ಹೆಚ್ಚಾದದ್ದನ್ನಲ್ಲ, ನಿಧಾನವಾಗಿ ಕೊಲ್ಲುವುದನ್ನು ತಡೆಯುವ ಕೈ ಇಲ್ಲದ್ದನ್ನು.

ಶುಭ್ರ ವಿದ್ಯುತ್ತೂ ಈ ಪ್ರಶ್ನೆಯಿಂದ ಪಾರಾಗುವುದಿಲ್ಲ. 1964ರಲ್ಲಿ ಮುಗಿದ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಕರ್ನಾಟಕಕ್ಕೆ ಹೊಗೆಯಿಲ್ಲದ ಬೆಳಕು ಕೊಟ್ಟಿತು. ಮುಳುಗಡೆಯ ಊರುಗಳಿಗೆ ಬೇಡವೆನ್ನುವ ಹಕ್ಕಿರಲಿಲ್ಲ. ಶರಾವತಿ ಸಂತ್ರಸ್ತರ ಭೂಮಿಯ ಹಕ್ಕಿನ ತಗಾದೆ ಆರು ದಶಕ ಕಳೆದರೂ ತೀರಿಲ್ಲ. ಪಾವಗಡದ ಸೌರ ಉದ್ಯಾನ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಯಿತು. ಸುಮಾರು 13,000 ಎಕರೆಯನ್ನು ಕೊಳ್ಳದೆ ಗೇಣಿಗೆ ಪಡೆದು, ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ ಎಂದು ಒಪ್ಪಂದವಾಯಿತು. 2,050 ಮೆಗಾವಾಟ್ ಉತ್ಪಾದನಾ ಸಾಮರ್ಥ್ಯ ಅಲ್ಲಿದೆ. ಭೂಮಿ ರೈತನ ಹೆಸರಿನಲ್ಲೇ ಉಳಿಯಿತು, ಅಷ್ಟರಮಟ್ಟಿಗೆ ಅವನ ಮಾತಿಗೂ ಬೆಲೆ ಉಳಿಯಿತು. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಗೇಣಿಪತ್ರವೂ ಇಲ್ಲ, ಸಭೆಯಲ್ಲಿ ಸ್ಥಾನವೂ ಇಲ್ಲ. ಸೌರ ಸ್ಥಾವರಕ್ಕೆ ಪರಿಸರ ಪರಿಣಾಮದ ಪೂರ್ವಾನುಮತಿ ಬೇಡವೆಂಬ ನಿಯಮ ಇರುವುದರಿಂದ ಅವರು ಮಾತಾಡಬಹುದಾಗಿದ್ದ ಸಾರ್ವಜನಿಕ ಅಹವಾಲೂ ಇಲ್ಲ.

ಈಗ ಬಿಸಿಲನ್ನು ರಾತ್ರಿಗೆ ಕೂಡಿಡುವ ಬ್ಯಾಟರಿಗಳ ಕಾಲ. 2022ರಲ್ಲಿ ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಬೆಂಕಿ ಹತ್ತಿದ ಮೇಲೆ ಬ್ಯಾಟರಿ ಪರೀಕ್ಷೆಯ ಮಾನದಂಡ ಎಐಎಸ್-156 ಅದೇ ವರ್ಷ ಬಿಗಿಯಾದದ್ದು ಒಳ್ಳೆಯ ಲಕ್ಷಣ. ಲಿಥಿಯಂ ಕೋಶದ ತೊಡಕೇನೆಂದರೆ, ಒಮ್ಮೆ ಒಳಗಿನ ಶಾಖ ಹದ ಮೀರಿದರೆ ಅದನ್ನು ನಿಲ್ಲಿಸುವ ಸ್ವಿಚ್ಚು ಇರುವುದಿಲ್ಲ. ಅಕ್ಕಪಕ್ಕದ ಕೋಶಗಳಿಗೂ ಅದು ಹಬ್ಬುತ್ತದೆ. ನಿಲ್ಲಿಸುವುದೇನಿದ್ದರೂ ಕಾರ್ಖಾನೆಯಲ್ಲಿ, ವಿನ್ಯಾಸದ ಮೇಜಿನ ಮೇಲೆ, ಅನುಮತಿ ಕೊಡುವ ಹೊತ್ತಿನಲ್ಲೇ ಆಗಬೇಕು. 2019ರ ಏಪ್ರಿಲ್‌ನಲ್ಲಿ ಅಮೆರಿಕದ ಅರಿಜೋನಾದ ಸರ್‌ಪ್ರೈಸ್ ಎಂಬ ಊರಿನ ವಿದ್ಯುತ್ ಸಂಗ್ರಹಾಗಾರದಲ್ಲಿ ಹೊಗೆ ಕಾಣಿಸಿತು. ಗಂಟೆಗಟ್ಟಲೆ ಕಾದ ಅಗ್ನಿಶಾಮಕ ಸಿಬ್ಬಂದಿ ಬಾಗಿಲು ತೆರೆದರು. ಒಳಗೆ ತುಂಬಿದ್ದ ಅನಿಲ ಸಿಡಿದು ಅವರೇ ಗಾಯಗೊಂಡರು. ತುರ್ತುಸ್ಥಿತಿಗೆಂದು ಮೊದಲೇ ಬರೆದಿಟ್ಟ ಯೋಜನೆಯಲ್ಲಿ ಬೆಂಕಿ ಆರಿಸುವುದು ಹೇಗೆ, ಗಾಳಿಯಾಡಿಸುವುದು ಹೇಗೆ, ಒಳಗೆ ಹೋಗುವುದು ಹೇಗೆ ಎಂಬ ಮೂರು ಮಾತೂ ಇರಲಿಲ್ಲವೆಂದು ಆಮೇಲಿನ ತನಿಖೆ ಕಂಡುಕೊಂಡಿತು.