‘ರಮಣನ್’: ಕುರಿಗಾಹಿ ಕಾವ್ಯದ ಕನಸು ಮತ್ತು ನಿಜ

ಚಂಗಂಪುಳ ಕೃಷ್ಣ ಪಿಳ್ಳೆಯವರ ‘ರಮಣನ್’ನಷ್ಟು ಜನರ ಬಾಯಲ್ಲಿ ಉಳಿದ ಕಾವ್ಯಗಳು ಮಲಯಾಳದಲ್ಲಿ ಕೆಲವೇ. ಕೆಡಾಮಂಗಲಂ ಸದಾನಂದನ್ ಅದನ್ನು ಕಥಾಪ್ರಸಂಗವಾಗಿ ಸಾವಿರಾರು ವೇದಿಕೆಗಳಲ್ಲಿ ಹೇಳಿದರು. 1967ರಲ್ಲಿ ಪ್ರೇಮ್ ನಸೀರ್, ಶೀಲಾ ನಟಿಸಿದ ಚಲನಚಿತ್ರವೂ ಬಂತು. ಮಲಯಾಳವನ್ನು ಕೇಳಿ ಕಲಿತ ನಮ್ಮ ಗಡಿನಾಡಿನ ಕನ್ನಡಿಗರಿಗೂ ಅದರ ಹಾಡುಗಳು ಅಪರಿಚಿತವಲ್ಲ. ಆದರೆ ಆ ಆಡುಗಳೂ ಆ ಕಾಡೂ ಎಲ್ಲಿಂದ ಬಂದವು?

ಕಥೆ ಇಷ್ಟೆ. ಬಡ ಆಡುಗಾಹಿ ರಮಣನನ್ನು ಸಿರಿವಂತರ ಮಗಳು ಚಂದ್ರಿಕೆ ಪ್ರೀತಿಸುತ್ತಾಳೆ. ಕೊನೆಗೆ ಆಕೆ ಬೇರೊಬ್ಬನ ಕೈಹಿಡಿಯುತ್ತಾಳೆ. ರಮಣನ್ ಪ್ರಾಣ ಕಳೆದುಕೊಳ್ಳುತ್ತಾನೆ, ಗೆಳೆಯ ಮದನನ್ ಗೋಳಾಡುತ್ತಾನೆ. ಇದರ ಹಿಂದಿನ ನಿಜ ಸಂಗತಿಯಲ್ಲಿ ಆಡೂ ಇಲ್ಲ, ಕೊಳಲೂ ಇಲ್ಲ. 1909ರಲ್ಲಿ ಹುಟ್ಟಿದ ಕವಿ ಇಡಪ್ಪಳ್ಳಿ ರಾಘವನ್ ಪಿಳ್ಳೆ ಬಡತನದಲ್ಲಿ ಬೆಳೆದವರು. ಪ್ರೀತಿಸಿದ್ದು ಅನುಕೂಲಸ್ಥರ ಮನೆಯ ಹುಡುಗಿಯನ್ನು. ಆಕೆಗೆ ಬೇರೆ ಕಡೆ ಮದುವೆ ಗೊತ್ತಾಯಿತು. 1936ರ ಜುಲೈ ತಿಂಗಳಲ್ಲಿ ಕೊಲ್ಲಂನಲ್ಲಿ ರಾಘವನ್ ಪಿಳ್ಳೆ ಆತ್ಮಹತ್ಯೆ ಮಾಡಿಕೊಂಡರು. ಅದೇ ಊರಿನ ಗೆಳೆಯ, 25ರ ಆಸುಪಾಸಿನ ಚಂಗಂಪುಳ, ಅದೇ ವರ್ಷ ‘ರಮಣನ್’ ಹೊರತಂದರು.

ಇಡಪ್ಪಳ್ಳಿ ಇಂದು ಕೊಚ್ಚಿ ನಗರದೊಳಗೇ ಸೇರಿಹೋಗಿದೆ. ಅಂದೂ ಅದು ತೆಂಗು, ಭತ್ತದ ತಗ್ಗು ನೆಲ. ಬೆಟ್ಟದ ತಪ್ಪಲಲ್ಲಿ ಮಂದೆ ಬಿಟ್ಟು ಕೊಳಲೂದುವ ಪ್ರೇಮಿ ಅಲ್ಲಿಗೆ ಬಂದದ್ದು ಪುಸ್ತಕದ ದಾರಿಯಿಂದ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಸಿಸಿಲಿಯ ಥಿಯೋಕ್ರಿಟಸ್ ಗ್ರೀಕ್ ಭಾಷೆಯಲ್ಲಿ ಶುರುಮಾಡಿದ ಈ ಕುರಿಗಾಹಿ ಕಾವ್ಯ, ಲ್ಯಾಟಿನ್ನಿನ ವರ್ಜಿಲನ ಕೈದಾಟಿ ಇಂಗ್ಲಿಷಿಗೆ ಬಂತು. 1637ರಲ್ಲಿ ಕಡಲಲ್ಲಿ ಮುಳುಗಿ ಸತ್ತ ಸಹಪಾಠಿ ಎಡ್ವರ್ಡ್ ಕಿಂಗನನ್ನು ಮಿಲ್ಟನ್ ‘ಲಿಸಿಡಾಸ್’ನಲ್ಲಿ ಕುರಿಗಾಹಿಯಾಗಿಸಿ ಅತ್ತ. ಸತ್ತ ಗೆಳೆಯನಿಗೆ ಚಂಗಂಪುಳ ತೊಡಿಸಿದ್ದೂ ಅದೇ ವೇಷ.

ಈ ಜಾತಿಯ ಪ್ರೇಮಗೀತೆಗಳಲ್ಲಿ ಹೆಸರಾದದ್ದು ಕ್ರಿಸ್ಟೋಫರ್ ಮಾರ್ಲೋವಿನದು. ಅವನು 1593ರಲ್ಲಿ ತೀರಿಕೊಂಡ. ಹಾಡು ಅಚ್ಚಾದದ್ದು 1599ರಲ್ಲಿ. ಕುರಿಗಾಹಿ ಹುಡುಗಿಯನ್ನು ತನ್ನೊಡನೆ ಬಾಳಲು ಕರೆಯುತ್ತಾನೆ: ಹೂವಿನ ಹಾಸಿಗೆ, ಉಣ್ಣೆಯ ಉಡುಗೆ, ಚಿನ್ನದ ಕೊಂಡಿಯ ಚಪ್ಪಲಿ, ಹವಳದ ಕೊಕ್ಕೆ. ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ನನಗೆ ಕುರಿ ಕಾಯುವವನ ಸಂಬಳದಲ್ಲಿ ಈ ಚಿನ್ನ ಹೇಗೆ ಹೊಂದುತ್ತದೆಂಬ ಸಂಶಯ ಬಂದೇ ಬರುತ್ತದೆ. ಆ ಸಂಶಯ ಆ ಕಾಲದವರಿಗೂ ಬಂದಿತ್ತು. ವಾಲ್ಟರ್ ರಾಲೆಯದೆನ್ನುವ ಉತ್ತರದ ಹಾಡಿನಲ್ಲಿ ಹುಡುಗಿ, ಹೂ ಬಾಡುತ್ತದೆ, ಚಳಿಗಾಲ ಬರುತ್ತದೆ, ಉಡುಗೆ ಹರಿಯುತ್ತದೆ ಎಂದು ಒಂದೊಂದನ್ನೇ ತಳ್ಳಿಹಾಕುತ್ತಾಳೆ. 1653ರ ತನ್ನ ಮೀನುಗಾರಿಕೆಯ ಪುಸ್ತಕದಲ್ಲಿ ಐಸಾಕ್ ವಾಲ್ಟನ್ ಎರಡನ್ನೂ ಸೇರಿಸಿದ್ದಾನೆ. ಅಲ್ಲಿ ಮೊದಲನೆಯದನ್ನು ಹಾಲು ಕರೆಯುವ ಹುಡುಗಿ ಹಾಡುತ್ತಾಳೆ, ಉತ್ತರವನ್ನು ಅವಳ ತಾಯಿ. ನಮ್ಮ ಮನೆಗಳಲ್ಲಿಯೂ ಹಾಗೆಯೇ ಅಲ್ಲವೆ?

‘ರಮಣನ್’ನಲ್ಲಿ ಇದು ತಿರುವುಮುರುವು. ಕಾಡಿಗೆ ತಾನೂ ಬರುತ್ತೇನೆಂದು ಹಟಹಿಡಿಯುವವಳು ಚಂದ್ರಿಕೆ. ಬೇಡವೆಂದು ತಡೆಯುವವನು ರಮಣನ್. ಆಸ್ತಿ ಅಂತಸ್ತಿನ ಅಂತರ ಅವನಿಗೆ ಮೊದಲೇ ಗೊತ್ತು. ಕನಸು ಕಾಣುವುದಕ್ಕೂ ಬೆನ್ನಿಗೆ ಒಂದು ಮನೆ ಬೇಕು, ಅದಿದ್ದದ್ದು ಅವಳಿಗೆ. ಕಾವ್ಯದ ಬೆಲೆಯುಳ್ಳ ಭಾಗ ಇದೇ ಎಂದು ನನ್ನ ಅಭಿಪ್ರಾಯ. ಇಂಗ್ಲಿಷಿನಿಂದ ಬಂದ ಕಾಡಿನೊಳಗೆ ತಿರುವಿದಾಂಕೂರಿನ ಬಡ ಯುವಕನ ಅಂಜಿಕೆ ಇಲ್ಲಿ ನಿಜವಾಗಿ ಮಾತಾಡಿದೆ.

ಮುಂದಿನ ಭಾಗಕ್ಕೆ ಈ ಮಾತು ಹೇಳಲಾರೆ. ಚಂದ್ರಿಕೆಯ ಮನಸ್ಸು ತಿರುಗುತ್ತದೆ, ಮದನನ ಅಳಲೆಲ್ಲ ಅವಳ ಮೇಲೆ ದೂರಾಗುತ್ತದೆ. ಆ ಕಾಲದ ದೊಡ್ಡ ಮನೆಗಳಲ್ಲಿ ಹುಡುಗಿಯ ಮದುವೆಯನ್ನು ಹುಡುಗಿ ನಿಶ್ಚಯಿಸುತ್ತಿದ್ದಳೆ? ಹಿರಿಯರು ಕೂತು ನಿಶ್ಚಯಿಸುತ್ತಿದ್ದರು. ಆಸ್ತಿಯ ಲೆಕ್ಕವನ್ನು ರಮಣನ ಬಾಯಲ್ಲಿ ಅಷ್ಟು ಸ್ಪಷ್ಟವಾಗಿ ಆಡಿಸಿದ ಕವಿ, ಆ ಲೆಕ್ಕದಲ್ಲಿ ಅವಳೂ ಸಿಕ್ಕಿಬಿದ್ದವಳೆಂದು ಎಣಿಸಲಿಲ್ಲ. ಗೆಳೆಯನನ್ನು ಕಳೆದುಕೊಂಡ ಕೆಲವೇ ತಿಂಗಳಲ್ಲಿ ಬರೆದವರಿಂದ ಅಷ್ಟನ್ನು ಕೇಳುವುದೂ ಕಷ್ಟ. ಆದರೆ ರಮಣನ ಸಾವು ಅಷ್ಟು ಇಂಪಾಗಿ ಕೇಳುವುದು ನನಗೆ ಹಿಡಿಸುವುದಿಲ್ಲ. ರಾಘವನ್ ಪಿಳ್ಳೆ ತೀರಿಕೊಂಡಾಗ ಅವರಿಗೆ 27; ಬರೆಯಬೇಕಾದದ್ದು ಬಹಳ ಬಾಕಿಯಿತ್ತು.

ಅವರ ಕೊನೆಯ ಕವಿತೆಗಳಲ್ಲೊಂದು ‘ಮಣಿನಾದಂ’. ಸಾವಿನ ನಂತರ ‘ಮಾತೃಭೂಮಿ’ ವಾರಪತ್ರಿಕೆಯಲ್ಲಿ ಪ್ರಕಟವಾಯಿತು. ‘ರಮಣನ್’ ಹಾಡುಗಳನ್ನು ಬಲ್ಲವರು ಅದನ್ನೂ ಓದಬೇಕು. ಅಲ್ಲಿ ಕುರಿಗಾಹಿಯ ವೇಷವಿಲ್ಲ, ಪರವಾಗಿ ಅಳುವ ಮದನನಿಲ್ಲ. ನೊಂದವನೇ ತನ್ನ ದನಿಯಲ್ಲಿ ಮಾತಾಡುತ್ತಾನೆ.